ಕೊಡಗಿನ ಒಡಿಕತ್ತಿ: ಕಾಡಿನ ಸಲಕರಣೆಯಿಂದ ಕುಲದ ಲಾಂಛನದವರೆಗೆ

ಕರ್ನಾಟಕದ ಆಯುಧಗಳನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅರಸರ ಖಡ್ಗ, ಕೋಟೆಯ ಫಿರಂಗಿ ಮತ್ತು ವೀರಗಲ್ಲಿನ ಶಿಲ್ಪಗಳ ಸುತ್ತಲೇ ಬೆಳೆದಿದೆ. ಕಾಡಿನಂಚಿನ ಜನ ನಿತ್ಯವೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಕತ್ತಿಗಳು ಈ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅವು ಯುದ್ಧದ ಇತಿಹಾಸಕ್ಕೆ ತೀರ ಸಾಮಾನ್ಯವೆಂದೂ ಕೃಷಿಯ ಇತಿಹಾಸಕ್ಕೆ ತೀರ ಹರಿತವೆಂದೂ ಪರಿಗಣಿತವಾಗಿ ಎರಡರ ನಡುವೆ ಉಳಿದುಹೋಗಿವೆ. ಇದಕ್ಕೆ ಕೊಡಗಿನ ಒಡಿಕತ್ತಿಯೊಂದೇ ಅಪವಾದವೆಂದು ತೋರಬಹುದು. ವಿದೇಶಿ ಸಂಗ್ರಾಹಕರ ಪಟ್ಟಿಗಳಲ್ಲಿ, ಬ್ರಿಟಿಷ್ ಆಡಳಿತದ ದಾಖಲೆಗಳಲ್ಲಿ, ಇಂದಿನ ಮದುವೆಯ ಛಾಯಾಚಿತ್ರಗಳಲ್ಲಿ ಅದಕ್ಕೆ ಎದ್ದುಕಾಣುವ ಸ್ಥಾನವಿದೆ. ಆದರೆ ಅಲ್ಲೆಲ್ಲ ಅದು 'ಯೋಧರ ಕುಲದ ಆಯುಧ'ವಾಗಿಯೇ ನಿಂತಿದೆ. ಒಡಿಕತ್ತಿಯ ರೂಪ, ಅದನ್ನು ಹೊರುವ ಕ್ರಮ, ಅದಕ್ಕೆ ಸಲ್ಲುವ ಪೂಜೆ ಹಾಗೂ ಅದರ ಬಗೆಗಿನ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಚರಿತ್ರೆ ಗೋಚರಿಸುತ್ತದೆ. ಆ ಚರಿತ್ರೆಯನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರೂಪ ಮತ್ತು ಪ್ರಯೋಜನ

ಕೊಡಗಿನಲ್ಲಿ ಸಾಂಪ್ರದಾಯಿಕ ಉಡುಪಿನ ಅಂಗವಾಗಿ ಬಳಕೆಯಲ್ಲಿರುವ ಕತ್ತಿಗಳು ಎರಡು. ಮೊದಲನೆಯದು ಪೀಚೆಕತ್ತಿ. ಇದು ಕಪ್ಪು ಕುಪ್ಯದ ಮೇಲೆ ಬಿಗಿದ ಚೇಲೆಗೆ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಕಿರುಗತ್ತಿ. ಇದರ ಹಿಡಿ ಮತ್ತು ಒರೆಗಳಿಗೆ ಬೆಳ್ಳಿ, ಕೆಲವೊಮ್ಮೆ ದಂತ ಅಥವಾ ಚಿನ್ನದ ಕೆಲಸವಿರುತ್ತದೆ. ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಣಿಗೆ ಪುಟ್ಟ ಸಲಕರಣೆಗಳು ತೂಗುತ್ತವೆ. ಎರಡನೆಯದು ಒಡಿಕತ್ತಿ. ಇದರ ಅಲಗು ಸಾಮಾನ್ಯವಾಗಿ 40 ರಿಂದ 45 ಸೆಂ.ಮೀ. ಉದ್ದವಿದ್ದು, ಹಿಡಿಯ ಬಳಿ ಕಿರಿದಾಗಿ, ತುದಿಯತ್ತ ಸಾಗಿದಂತೆ ಅಗಲವಾಗುತ್ತದೆ. ಅಲಗು ಮುಂದಕ್ಕೆ ಬಾಗಿದೆ. ಹರಿತವಾದ ಬಾಯಿ ಇರುವುದು ಬಾಗಿನ ಒಳಬದಿಯಲ್ಲಿ. ಹಿಡಿಗೂ ಅಲಗಿಗೂ ನಡುವೆ ಕೈಗಾಪು ಇಲ್ಲ. ಹಿಡಿಯ ಕೊನೆ ಮೀನಿನ ಬಾಲದಂತೆ ಚಪ್ಪಟೆಯಾಗಿ ಹರಡಿಕೊಂಡಿದೆ.

ಈ ಲಕ್ಷಣಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಕೈಗಾಪು ಇಲ್ಲದ ಆಯುಧ ಖಡ್ಗಕ್ಕೆ ಖಡ್ಗ ತಾಗಿಸಿ ಹೋರಾಡುವ ದ್ವಂದ್ವಯುದ್ಧಕ್ಕೆ ಹೊಂದುವುದಿಲ್ಲ, ಏಕೆಂದರೆ ಎದುರಾಳಿಯ ಅಲಗು ಜಾರಿ ನೇರವಾಗಿ ಬೆರಳಿಗೆ ಬರುತ್ತದೆ. ಒಳಬದಿಯ ಹರಿತ ಕೊಂಬೆ, ಬಿದಿರು, ಬಳ್ಳಿಗಳನ್ನು ಕಡಿಯುವವನಿಗೆ ಅನುಕೂಲಕರ. ನೇರ ಅಲಗಿನ ಏಟಿಗೆ ಕೊಂಬೆ ತುದಿಯತ್ತ ಜಾರಿಹೋಗುತ್ತದೆ. ಒಳಬಾಗಿದ ಬಾಯಿ ಅದನ್ನು ತನ್ನೊಳಗೆ ಸೆಳೆದು ಹಿಡಿಯುತ್ತದೆ. ತುದಿಯಲ್ಲಿ ತೂಕ ಹೆಚ್ಚಾಗಿರುವುದರಿಂದ ಬೀಸಿದ ಕತ್ತಿ ತನ್ನ ಭಾರದಿಂದಲೇ ಇಳಿಯುತ್ತದೆ, ದಿನವಿಡೀ ಕೆಲಸ ಮಾಡುವವನ ತೋಳಿಗೆ ಆಯಾಸ ಕಡಿಮೆಯಾಗುತ್ತದೆ. ಹಿಡಿಯ ಹರಡಿದ ತುದಿ ಮಳೆಯಲ್ಲಿ ನೆನೆದ ಅಂಗೈಯಿಂದ ಕತ್ತಿ ಜಾರಿಬೀಳದಂತೆ ತಡೆಯುತ್ತದೆ. ನೇಪಾಳದ ಖುಕುರಿಯಲ್ಲಿಯೂ ಮುಂಬಾಗು, ಒಳಹರಿತ ಮತ್ತು ತುದಿಭಾರಗಳು ಕಂಡುಬರುತ್ತವೆ. ಅದೂ ಬೆಟ್ಟಗಾಡಿನ ರೈತನ ಕೈಗತ್ತಿಯಾಗಿದ್ದು, ಅನಂತರ ಸೈನ್ಯದ ಲಾಂಛನವಾದದ್ದು ಎಂಬುದು ಗಮನಾರ್ಹ.

ಹೊರುವ ಕ್ರಮವೂ ಇದೇ ದಿಕ್ಕನ್ನು ಸೂಚಿಸುತ್ತದೆ. ಒಡಿಕತ್ತಿಗೆ ಒರೆಯಿಲ್ಲ. ಬೆನ್ನಿನ ಹಿಂದೆ ಸೊಂಟಕ್ಕೆ ಬಿಗಿದ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಅದನ್ನು ತೆರೆದ ಅಲಗಿನಲ್ಲಿಯೇ ಸಿಕ್ಕಿಸಿಕೊಳ್ಳುತ್ತಾರೆ. ಮಲೆನಾಡು ಮತ್ತು ಕರಾವಳಿಯ ಕೃಷಿಕ ತನ್ನ ಕತ್ತಿಯನ್ನು ಸೊಂಟದ ಹಗ್ಗಕ್ಕೆ ಕಟ್ಟಿದ ಕೊಕ್ಕೆಗೆ ಹಿಂಬದಿಯಲ್ಲಿ ತೂಗುಹಾಕಿಕೊಳ್ಳುವ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಇಂತಹ ಕಡೆ ಚರ್ಮದ ಒರೆ ಕೊಳೆಯುತ್ತದೆ, ಒದ್ದೆ ಕಬ್ಬಿಣ ಒರೆಯೊಳಗೆ ತುಕ್ಕು ಹಿಡಿಯುತ್ತದೆ. ಮರ ಹತ್ತುವಾಗ, ಹೊರೆ ಹೊತ್ತಾಗ ಎರಡು ಕೈಗಳೂ ಬಿಡುವಾಗಿರಬೇಕು. ಬೇಕೆಂದಾಗ ಕತ್ತಿ ಒಂದೇ ಎಳೆತಕ್ಕೆ ಕೈಗೆ ಬರಬೇಕು. ಕೃಷಿಕನ ಮರದ ಕೊಕ್ಕೆ ಮತ್ತು ಕೊಡವರ ಹಿತ್ತಾಳೆಯ ತೊಡಂಗ್ ಈ ಒಂದೇ ಅಗತ್ಯಕ್ಕೆ ಸಿಕ್ಕ ಎರಡು ಉತ್ತರಗಳು.

ಇಷ್ಟರಿಂದ ಒಡಿಕತ್ತಿ ಎಂದೂ ಆಯುಧವಾಗಿರಲಿಲ್ಲ ಎಂದು ತೀರ್ಮಾನಿಸುವುದು ತಪ್ಪಾದೀತು. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದ ಒಕ್ಕಲು ಕರೆ ಬಂದಾಗ ಆಯುಧ ಹಿಡಿದು ಬರಲು ಬದ್ಧನಾಗಿದ್ದ. ಕೊಡಗಿನ ಉದ್ದಗಲಕ್ಕೂ ಇಂದಿಗೂ ಕಾಣುವ ಕಡಂಗಗಳು, ಅಂದರೆ ಆಳವಾದ ರಕ್ಷಣಾ ಕಂದಕಗಳು, ಅಲ್ಲಿನ ಯುದ್ಧವು ಇಕ್ಕಟ್ಟಿನ ಕಾಡಿನ ಯುದ್ಧವಾಗಿತ್ತೆಂಬುದನ್ನು ಹೇಳುತ್ತವೆ. ಅಂತಹ ಇಕ್ಕಟ್ಟಿನಲ್ಲಿ ಉದ್ದನೆಯ ಖಡ್ಗಕ್ಕಿಂತ ಮೋಟಾದ, ಭಾರವಾದ ಕತ್ತಿಯೇ ಮೇಲು. ಗದ್ದೆಯ ಒಕ್ಕಲಿಗನೂ ಕಡಂಗದ ಕಾವಲುಗಾರನೂ ಒಬ್ಬನೇ ಆಗಿದ್ದ. ಆದ್ದರಿಂದ ಅವನ ಸಲಕರಣೆಯೂ ಆಯುಧವೂ ಒಂದೇ ಆಗಿತ್ತು ಎಂಬುದು ಇಲ್ಲಿ ಪ್ರತಿಪಾದಿಸುತ್ತಿರುವ ಅಂಶ.

2. ಕುಲುಮೆಯ ತಿಳಿವಳಿಕೆ

ಕೊಡಗಿನಲ್ಲಿ ಕಮ್ಮಾರಿಕೆ ಮತ್ತು ಬಡಗಿತನಗಳು ಪರಂಪರೆಯಿಂದ ಐರಿ ಸಮುದಾಯದ ವೃತ್ತಿ. ಕೊಡವ ತಕ್ಕ್ ಮಾತನಾಡುವ ಈ ಕುಶಲಕರ್ಮಿಗಳ ಉಲ್ಲೇಖ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜ ಕುರಿತ ಅಧ್ಯಯನದಲ್ಲಿ ಬರುತ್ತದೆ. ಅಲಗು, ಹಿಡಿ ಎರಡನ್ನೂ ಒಂದೇ ಸಮುದಾಯದವರು ಮಾಡುತ್ತಿದ್ದುದರಿಂದ ಕಬ್ಬಿಣದ ತೂಕಕ್ಕೂ ಮರದ ತೂಕಕ್ಕೂ ಹೊಂದಿಕೆ ತರುವುದು ಸುಲಭವಾಗಿದ್ದಿರಬೇಕು.

ಕಾರ್ಖಾನೆಯ ಕತ್ತಿ ಬರುವ ಮೊದಲು ಕತ್ತಿಯನ್ನು 'ಕೊಳ್ಳುವುದು' ಎಂಬುದಕ್ಕಿಂತ 'ಮಾಡಿಸುವುದು' ಎಂಬ ಮಾತೇ ಹೆಚ್ಚು ಸಲ್ಲುತ್ತಿತ್ತು. ಮಾಡಿಸುವವನ ತೋಳಿನ ಅಳತೆ, ಅಂಗೈಯ ಗಾತ್ರ, ಅವನು ಮಾಡುವ ಕೆಲಸ ಇವು ಕತ್ತಿಯ ರೂಪವನ್ನು ನಿರ್ಧರಿಸುತ್ತವೆ. ಬಿದಿರು ಕಡಿಯುವವನಿಗೆ ಬೆನ್ನು ದಪ್ಪಗಿರುವ, ತುದಿ ಭಾರವಾದ ಕತ್ತಿ ಬೇಕು. ಸೊಪ್ಪು ಸವರುವವನಿಗೆ ತೆಳುವಾದ, ಹೆಚ್ಚು ಬಾಗಿದ ಕತ್ತಿ ಸಾಕು. ಮರವೇರುವವನಿಗೆ ಮೋಟಾದದ್ದೇ ಕ್ಷೇಮ. ಬಾಯಿಯನ್ನು ಒಂದೇ ಮಗ್ಗುಲಿಗೆ ಸಾಣೆ ಹಿಡಿದಿದ್ದರೆ ಅದು ಬಲಗೈಯವನಿಗೆ ಒದಗುತ್ತದೆ. ಎಡಚನಿಗೆ ಎದುರು ಮಗ್ಗುಲಿನಲ್ಲಿ ಹಿಡಿಸಬೇಕಾಗುತ್ತದೆ. ಈ ಹೊಂದಾಣಿಕೆಗಳು ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಕಮ್ಮಾರ ಮತ್ತು ಒಕ್ಕಲಿನ ನಡುವಣ ಮಾತಿನಲ್ಲಿಯೇ ಉಳಿದಿದ್ದವು.

ಹದ ಹಾಕುವುದು ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ಮೆದು ಕಬ್ಬಿಣದ ಮೈಗೆ ಬಾಯಿಯ ಭಾಗದಲ್ಲಿ ಉಕ್ಕನ್ನು ಬೆಸೆಯುವುದು ಹಳೆಯ ಕುಲುಮೆಗಳಲ್ಲಿ ವ್ಯಾಪಕವಾಗಿದ್ದ ಕ್ರಮ. ಉಕ್ಕು ದುಬಾರಿ ಎಂಬುದಷ್ಟೇ ಇದಕ್ಕೆ ಕಾರಣವಲ್ಲ, ಏಟಿನ ಅದುರನ್ನು ಮೆದು ಕಬ್ಬಿಣ ತಾಳಿಕೊಳ್ಳುತ್ತದೆ. ದಕ್ಷಿಣ ಭಾರತದ ಮೂಸೆ ಉಕ್ಕಿನ ಖ್ಯಾತಿ ಎಲ್ಲರಿಗೂ ತಿಳಿದದ್ದೇ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿದರೆ ಅದು ಗಡಸಾಗುತ್ತದೆ, ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಆದ್ದರಿಂದ ಅದನ್ನು ಮತ್ತೆ ಮಂದವಾಗಿ ಕಾಯಿಸಿ ಗಡಸನ್ನು ತುಸು ಇಳಿಸಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಮೂಡುವ ಬಣ್ಣವೇ ಕಮ್ಮಾರನಿಗೆ ಉಷ್ಣಮಾಪಕ: ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ಸುಮಾರು 300 ಡಿಗ್ರಿಯಲ್ಲಿ ನೀಲಿ. ಹಳದಿಯಲ್ಲಿ ನಿಲ್ಲಿಸಿದ ಅಲಗು ಹರಿತವನ್ನು ಬಹುಕಾಲ ಹಿಡಿಯುತ್ತದೆ, ಆದರೆ ಬಿದಿರಿನ ಗಿಣ್ಣಿಗೆ ತಾಗಿದರೆ ಬಾಯಿ ಮುಕ್ಕಾಗಬಹುದು. ನೀಲಿಗೆ ಹೋದದ್ದು ಮುಕ್ಕಾಗದು, ಆದರೆ ಬೇಗ ಮೊಂಡಾಗುತ್ತದೆ. ಯಾವ ಕೆಲಸದ ಕತ್ತಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ನಿರ್ಣಯದಲ್ಲಿ ಕಮ್ಮಾರನ ವಿದ್ಯೆ ಅಡಗಿದೆ. ಇಂದು ಅನೇಕ ಕುಲುಮೆಗಳಲ್ಲಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಕತ್ತಿಯ ಕಚ್ಚಾವಸ್ತು. ವಸ್ತು ಬದಲಾದರೂ ಬಣ್ಣ ನೋಡಿ ಹದ ತಿಳಿಯುವ ಕಣ್ಣು ಹಳೆಯದೇ.

3. ಹಬ್ಬದಲ್ಲಿ ಉಳಿದ ನೆನಪು

ಕತ್ತಿಯ ಈ ಎರಡು ಮುಖಗಳನ್ನು ಆಚರಣೆಗಳು ಒಟ್ಟಿಗೆ ಕಾಪಾಡಿಕೊಂಡು ಬಂದಿವೆ. ಕೊಡಗಿನ ಆಯುಧಪೂಜೆಯಾದ ಕೈಲ್‌ಪೊಳ್ದ್ ಮಳೆಗಾಲದ ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದಲ್ಲಿ ಬರುತ್ತದೆ. ನಾಟಿಯ ದಿನಗಳಲ್ಲಿ ವಿಶ್ರಾಂತಿ ಪಡೆದ ಕೋವಿ, ಕತ್ತಿಗಳನ್ನು ಅಂದು ಶುಚಿಗೊಳಿಸಿ, ದೀಪದ ಮುಂದಿರಿಸಿ, ಗಂಧ ಹಚ್ಚಿ, ಬೆಂಕಿಬಣ್ಣದ ತೋಕ್‌ಪೂವಿನಿಂದ ಅಲಂಕರಿಸುತ್ತಾರೆ. ಹಿಂದೆ ಈ ಹಬ್ಬದ ನಂತರವೇ ಬೇಟೆಯ ಕಾಲ ತೊಡಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಭಾಗ ನಿಂತು, ತೆಂಗಿನಕಾಯಿಗೆ ಗುಂಡು ಹೊಡೆಯುವಂತಹ ಸ್ಪರ್ಧೆಗಳು ಮಾತ್ರ ಮುಂದುವರಿದಿವೆ. ಹಬ್ಬದ ದಿನವನ್ನು ಗೊತ್ತುಮಾಡುವುದು ಯಾವುದೇ ಯುದ್ಧದ ಸ್ಮರಣೆಯಲ್ಲ, ಗದ್ದೆಯ ಕೆಲಸದ ಮುಕ್ತಾಯ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಕ್ಕಲುತನ ಮುಗಿಸಿದ ಕೈ ಕಾಡಿನತ್ತ ತಿರುಗುವ ಸಂಧಿಕಾಲ ಅದು.

ಮದುವೆಯಲ್ಲಿ ನಡೆಯುವ ಬಾಳೆ ಕಡಿಯುವ ಶಾಸ್ತ್ರ ಇನ್ನೊಂದು ನಿದರ್ಶನ. ನೆಲದಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಹತ್ತಿರದ ಬಂಧುಗಳು ಒಡಿಕತ್ತಿಯಿಂದ ಒಂದೊಂದೇ ಏಟಿಗೆ ತುಂಡರಿಸುತ್ತಾರೆ. ಇದನ್ನು ಶೌರ್ಯದ ಸಂಕೇತವೆಂದು ವಿವರಿಸುವುದು ರೂಢಿ. ಆದರೆ ಬಾಳೆಯ ದಿಂಡು ನೀರು ತುಂಬಿದ ಪದರಗಳ ವಸ್ತು. ಮೊಂಡು ಕತ್ತಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಕೋನ ತಪ್ಪಿದ ಏಟು ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕತ್ತಿಯ ಹರಿತ ಮತ್ತು ಕಡಿಯುವವನ ಅಭ್ಯಾಸ. ವರ್ಷವಿಡೀ ಕತ್ತಿ ಹಿಡಿದು ದುಡಿದವನಿಗೆ ಅದು ಸಹಜ. ಮದುವೆಗಷ್ಟೇ ಕತ್ತಿ ಹಿಡಿದವನಿಗೆ ಕಷ್ಟ.

4. ಪದಕದ ಮೇಲೆ ಕತ್ತಿ

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಮೂರು ವರ್ಷಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಅಮರಸುಳ್ಯ ಸೀಮೆಯಿಂದ ಹೊರಟ ರೈತರ ಬಂಡಾಯ ಮಂಗಳೂರಿನವರೆಗೂ ಸಾಗಿತು. ಅದನ್ನು ಅಡಗಿಸುವಲ್ಲಿ ನೆರವಾದ ಕೊಡಗಿನವರಿಗೆ ಸರ್ಕಾರ ಪದಕಗಳನ್ನು ನೀಡಿತು. ಆ ಪದಕದ ಒಂದು ಮುಖದಲ್ಲಿ ಕತ್ತಿಯೆತ್ತಿ ನಿಂತ ಕೊಡಗಿನ ಯೋಧನ ಆಕೃತಿಯೂ ಕನ್ನಡ ಬರಹವೂ ಇವೆ. ಮತ್ತೊಂದು ಮುಖದಲ್ಲಿ ಕತ್ತಿಯೇ ಲಾಂಛನವಾಗಿ ಕಾಣಿಸಿಕೊಂಡಿದೆ. ಒಡಿಕತ್ತಿ ಲೋಹದಲ್ಲಿ ಅಚ್ಚಾಗಿ ರಾಜನಿಷ್ಠೆಯ ಗುರುತಾದದ್ದು ಹೀಗೆ. ಬಂಡೆದ್ದ ರೈತರ ಕೈಯಲ್ಲಿಯೂ ಇದೇ ಬೆಟ್ಟಸಾಲಿನ ಕೈಗತ್ತಿಗಳು ಇದ್ದಿರಬೇಕೆಂದು ಊಹಿಸಬಹುದು. ಆದರೆ ಅವು ಯಾವ ಪದಕದ ಮೇಲೂ ಬರಲಿಲ್ಲ.

ಇದರ ಮುಂದಿನ ಘಟ್ಟ ಇನ್ನೂ ಸ್ವಾರಸ್ಯಕರವಾಗಿದೆ. ಕೊಡಗಿಗೆ ತಾಗಿಕೊಂಡಿರುವ ಮಲಬಾರಿನಲ್ಲಿ ಮಾಪಿಳ್ಳೆ ಬಂಡಾಯಗಳನ್ನು ಹತ್ತಿಕ್ಕಲು 1854ರಲ್ಲಿ ಕಾಯಿದೆ ಮಾಡಿ ಅಲ್ಲಿನ 'ಯುದ್ಧಗತ್ತಿ'ಯನ್ನು ಇರಿಸಿಕೊಳ್ಳುವುದನ್ನೇ ನಿಷೇಧಿಸಲಾಯಿತು. ಜಿಲ್ಲಾಧಿಕಾರಿಯಾಗಿದ್ದ ಕೊನೊಲಿ ಊರೂರು ತಿರುಗಿ ಏಳು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಸಂಗ್ರಹಿಸಿದ. 1855ರ ಸೆಪ್ಟೆಂಬರ್‌ನಲ್ಲಿ ಆತನ ಕೊಲೆಯಾಯಿತು. ಇದಾದ ಆರು ವರ್ಷಗಳ ಒಳಗೆ, 1861ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆ ಮತ್ತು ಶೌರ್ಯಗಳನ್ನು ಹೊಗಳಿ, ನಿಶ್ಶಸ್ತ್ರೀಕರಣದ ಕಾಯಿದೆ ಅವರಿಗೆ ಅನ್ವಯಿಸದೆಂದು ಪ್ರಕಟಿಸಿದ. ಘಟ್ಟದ ಒಂದು ಬದಿಯಲ್ಲಿ ಕತ್ತಿ ಅಪರಾಧದ ಸಾಕ್ಷಿ, ಮತ್ತೊಂದು ಬದಿಯಲ್ಲಿ ಗೌರವದ ಗುರುತು. ಎರಡೂ ಕಡೆಯ ಕತ್ತಿಗಳು ಆಕಾರದಲ್ಲಿ ಒಂದೇ ಆಗಿರಲಿಲ್ಲ ಎಂಬುದು ನಿಜ. ಆದರೆ ಆಡಳಿತ ತೂಗಿ ನೋಡಿದ್ದು ಅಲಗಿನ ಆಕಾರವನ್ನಲ್ಲ, ಹಿಡಿದವನ ರಾಜಕೀಯ ನಿಲುವನ್ನು.

ಇದೇ ದಶಕಗಳಲ್ಲಿ ಕೊಡಗಿನ ಬಗೆಗೆ ಗ್ರಂಥಗಳು ಬರತೊಡಗಿದವು. ಮೋಗ್ಲಿಂಗ್ 1855ರಲ್ಲಿಯೂ ರಿಕ್ಟರ್ 1870ರಲ್ಲಿಯೂ ಕೊಡಗಿನ ವಿವರಗಳನ್ನು ಪ್ರಕಟಿಸಿದರು. ಲೂಯಿ ರೈಸ್ ಅವರ ಗೆಜೆಟಿಯರಿನ ಕೊಡಗಿನ ಸಂಪುಟ 1878ರಲ್ಲಿ ಬಂದಿತು. ಯುರೋಪಿನಲ್ಲಿ ಭಾರತೀಯ ಆಯುಧಗಳ ಸಂಗ್ರಹ ಹವ್ಯಾಸವಾಗಿ ಬೆಳೆದು, 1880ರಲ್ಲಿ ಎಗರ್ಟನ್‌ನ ಸಚಿತ್ರ ಕೈಪಿಡಿಯೂ 1934ರಲ್ಲಿ ಅಮೆರಿಕದ ಜಾರ್ಜ್ ಕ್ಯಾಮರಾನ್ ಸ್ಟೋನ್‌ನ ಆಯುಧಕೋಶವೂ ಹೊರಬಂದವು. ಇಂಗ್ಲಿಷ್ ಪಟ್ಟಿಗಳಲ್ಲಿ ಒಡಿಕತ್ತಿಗೆ 'ಆಯ್ದಕತ್ತಿ' ಎಂಬ ಹೆಸರು ನಿಂತುಹೋಯಿತು. ಅದು 'ಆಯುಧ' ಶಬ್ದದ ರೂಪಾಂತರವೆಂದು ತೋರುತ್ತದೆ. ಹೆಸರಿನಲ್ಲಿಯೇ ಕತ್ತಿ ಆಯುಧವಾಗಿ ವರ್ಗೀಕೃತವಾದ ಮೇಲೆ, ಅದರ ಕಾಡಿನ ಉಪಯೋಗವನ್ನು ವಿಚಾರಿಸುವ ಅಗತ್ಯ ಸಂಗ್ರಾಹಕರಿಗೆ ಕಾಣಲಿಲ್ಲ. ಅವರು ಆರಿಸಿದ್ದು ಬೆಳ್ಳಿ, ದಂತಗಳ ಹಿಡಿಯಿದ್ದ ಸುಂದರ ಕತ್ತಿಗಳನ್ನು. ಬಳಸಿ ಸವೆದು, ಹಿಡಿ ಬದಲಿಸಿಕೊಂಡು, ಸಾಣೆಗೆ ಅರ್ಧ ಅಲಗು ಕಳೆದುಕೊಂಡ ಕತ್ತಿಗಳು ಕುಲುಮೆಗೆ ಮರಳಿ ಬೇರೊಂದು ಕತ್ತಿಯಾದವು. ಆದ್ದರಿಂದ ಇಂದು ವಸ್ತುಸಂಗ್ರಹಾಲಯದ ಸಾಕ್ಷ್ಯವನ್ನಷ್ಟೇ ನಂಬಿದರೆ ಅಲಂಕಾರದ ಕತ್ತಿಯೇ ಸಾಮಾನ್ಯವೆಂಬ ತಪ್ಪು ಅಭಿಪ್ರಾಯ ಉಂಟಾಗುತ್ತದೆ.

5. ಕಾನೂನಿನ ಗೆರೆ

ಸಲಕರಣೆ ಮತ್ತು ಆಯುಧಗಳ ನಡುವೆ ಗೆರೆ ಎಳೆಯುವ ಸಮಸ್ಯೆ ಸ್ವತಂತ್ರ ಭಾರತದ ಕಾನೂನಿಗೂ ಎದುರಾಯಿತು. 1959ರ ಶಸ್ತ್ರಾಸ್ತ್ರ ಕಾಯಿದೆ ಕೇವಲ ಗೃಹಬಳಕೆ ಅಥವಾ ಕೃಷಿಗಾಗಿ ರೂಪಿಸಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರ ಕೆಳಗೆ ರಚಿತವಾದ 1962ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿದರೂ, ಗೃಹಕೃತ್ಯ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಗಾಗಿ ರೂಪಿಸಿದವುಗಳನ್ನು ಅಲ್ಲಿಯೂ ಹೊರತುಪಡಿಸಿದವು. ಅಳತೆಯೊಂದನ್ನೇ ನೋಡಿದರೆ ಒಡಿಕತ್ತಿಯೂ ಮಲೆನಾಡಿನ ದೊಡ್ಡ ಮಚ್ಚೂ ಈ ಮಿತಿಯನ್ನು ಮೀರುತ್ತವೆ. ಮಚ್ಚನ್ನು ಕಾಪಾಡುವುದು ಅದರ ಕೃಷಿಯ ಉದ್ದೇಶ. ಒಡಿಕತ್ತಿಯನ್ನು ಉದ್ದೇಶದ ಬದಲು ಪರಂಪರೆ ಕಾಪಾಡುತ್ತ ಬಂದಿದೆ. 1861ರ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕಾಯಿದೆಯಿಂದ ದೊರೆತ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ರಿಯಾಯಿತಿಯ ಚರ್ಚೆ ಮುಖ್ಯವಾಗಿ ಕೋವಿಯನ್ನು ಕುರಿತದ್ದು. ಆದರೂ ಅದರ ಹಿನ್ನೆಲೆಯಲ್ಲಿ ಒಂದು ಇತಿಹಾಸದ ಸಂಗತಿಯಿದೆ: ಒಂದೇ ಬೆಟ್ಟಸಾಲಿನ ಎರಡು ಕೈಗತ್ತಿಗಳಲ್ಲಿ ಒಂದು 'ಕೃಷಿ' ಎಂಬ ಹೆಸರಿನಲ್ಲಿ, ಮತ್ತೊಂದು 'ಕುಲ' ಎಂಬ ಹೆಸರಿನಲ್ಲಿ ಕಾನೂನಿನ ಮುಂದೆ ನಿಲ್ಲಬೇಕಾಯಿತು.

6. ಉಪಸಂಹಾರ

ಕೊಡಗಿನ ಭೂದೃಶ್ಯವೂ ಈ ಅವಧಿಯಲ್ಲಿ ಬದಲಾಗಿದೆ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾದ ಮೇಲೆ ಕಾಡು ತೋಟವಾಯಿತು. ಮರಗಸಿ, ಕಪಾತು, ಕಳೆ ಸವರುವಿಕೆಗಳಿಗೆ ಬೇರೆ ಬೇರೆ ಕತ್ತಿಗಳು ಬಳಕೆಗೆ ಬಂದವು. ಯಂತ್ರದ ಗರಗಸ ಮತ್ತು ಕಳೆ ಕತ್ತರಿಸುವ ಯಂತ್ರಗಳು ಬಂದ ಮೇಲೆ ಕೈಗತ್ತಿಯ ಕೆಲಸ ಮತ್ತಷ್ಟು ಕುಗ್ಗಿದೆ. ಇದರ ನಡುವೆಯೂ ಒಡಿಕತ್ತಿ ಉಳಿದಿರುವುದು ಲಾಂಛನವಾದ ಕಾರಣದಿಂದ. ಹಾಗಾಗಿ ವಸಾಹತು ಆಡಳಿತ ಕಟ್ಟಿದ 'ಯೋಧ'ನ ಚಿತ್ರವನ್ನು ಕೇವಲ ಹಾನಿಯೆಂದು ತಳ್ಳಿಹಾಕಲಾಗದು. ಆ ಚಿತ್ರವೇ ಒಂದು ವಸ್ತುವನ್ನು ಕಾಪಾಡಿತು. ಆದರೆ ಅದು ವಸ್ತುವನ್ನು ಕಾಪಾಡಿತೇ ಹೊರತು ಅದರ ಹಿಂದಿನ ತಿಳಿವಳಿಕೆಯನ್ನಲ್ಲ. ಮದುವೆಗೆ ಬಾಡಿಗೆಗೆ ತರುವ ಹೊಳಪಿನ ಕತ್ತಿಗೆ ಹದದ ಅಗತ್ಯವಿಲ್ಲ, ತೂಕದ ಲೆಕ್ಕವಿಲ್ಲ, ಹಿಡಿಯುವವನ ಅಂಗೈಯ ಅಳತೆ ಬೇಕಿಲ್ಲ.

ಆದ್ದರಿಂದ ಈ ಕ್ಷೇತ್ರದಲ್ಲಿ ಮುಂದೆ ಆಗಬೇಕಾದ ಕೆಲಸ ಎರಡು ಬಗೆಯದು. ಒಂದು, ಐನ್‌ಮನೆಗಳಲ್ಲಿಯೂ ರೈತರ ಮನೆಗಳಲ್ಲಿಯೂ ಉಳಿದಿರುವ ಬಳಕೆಯ ಕತ್ತಿಗಳನ್ನು, ಅವು ಎಷ್ಟೇ ಸವೆದಿದ್ದರೂ, ಅಳತೆ, ತೂಕ, ತೂಕದ ನಡುಬಿಂದು, ಹಿಡಿಯ ಮರ ಮತ್ತು ಮಾಡಿದ ಕುಲುಮೆಯ ವಿವರಗಳೊಂದಿಗೆ ದಾಖಲಿಸುವುದು. ಎರಡು, ಇಂದಿಗೂ ಕೆಲಸ ಮಾಡುತ್ತಿರುವ ಕಮ್ಮಾರರ ಶಬ್ದಸಂಪತ್ತನ್ನೂ ಕ್ರಿಯಾಕ್ರಮವನ್ನೂ ಅವರ ನುಡಿಯಲ್ಲಿಯೇ ಸಂಗ್ರಹಿಸುವುದು. ಕೊಡವ ಜಾನಪದಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರು 1924ರ 'ಪಟ್ಟೋಲೆ ಪಳಮೆ'ಯ ಮೂಲಕ ಮಾಡಿದ ಉಪಕಾರವನ್ನು ಕುಲುಮೆಯ ವಿದ್ಯೆಗೆ ಇನ್ನೂ ಯಾರೂ ಮಾಡಿಲ್ಲ. ಹಾಡು ಬಲ್ಲವರು ಇರುವಾಗಲೇ ಹಾಡನ್ನು ಬರೆದುಕೊಂಡಂತೆ, ಬಣ್ಣ ನೋಡಿ ಹದ ಹೇಳಬಲ್ಲವರು ಇರುವಾಗಲೇ ಅವರ ಮಾತನ್ನು ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಒಡಿಕತ್ತಿಯ ಇತಿಹಾಸ ಪದಕದ ಮೇಲಿನ ಚಿತ್ರದಷ್ಟೇ ಆಗಿ ಉಳಿಯುತ್ತದೆ.